ಕುರುಡುಮಲೆಯಲ್ಲಿ ಏಳು ಸಲ ಅಕ್ಷತೆ

ಶುಕ್ರವಾರ ರಾತ್ರಿ ಹತ್ತೂವರೆಗೆ ಗೆಳತಿಯ ಫೋನು.

"ಮುಳಬಾಗಿಲಲ್ಲೇ ಇದೀಯಲ್ವಾ? ನಾಳೆ ಅಮ್ಮನ್ನೂ ಕರ್ಕೊಂಡು ಬೆಳಗ್ಗೆ ಏಳಕ್ಕೆ ಕುರುಡುಮಲೆಗೆ ಬಾ. ಮದುವೆಗೆ ಜನ ಸಾಲ್ತಿಲ್ಲ."

"ಯಾರ ಮದುವೆ?"

"ನಮ್ಮ ಸೀರಿಯಲ್ ಹೀರೋಯಿನ್ ತಂಗೀದು ಕಣೇ."

ಇವಳೂ ನಾನೂ ಎಂಜಿನಿಯರಿಂಗ್‌ನಲ್ಲಿ ಒಂದೇ ಬೆಂಚು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಅಲ್ಲೇ ಉಳಿದೆ. ಅವಳು ಎರಡು ವರ್ಷ ಕೋಡ್ ಬರೆದು, ಸಾಕಾಗಿ, ಧಾರಾವಾಹಿಯ ಅಸಿಸ್ಟೆಂಟ್ ಡೈರೆಕ್ಟರ್ ಆದಳು. ಬೆಂಗಳೂರಿನಿಂದ ಒಂದು ಬಸ್ ತುಂಬ ಜೂನಿಯರ್ ಆರ್ಟಿಸ್ಟ್‌ಗಳನ್ನು ಕರೆತರುತ್ತಿದ್ದರಂತೆ. ಅಷ್ಟು ಜನ ಮದುವೆಯ ಶಾಮಿಯಾನ ತುಂಬಲು ಸಾಲದು, ಉಳಿದವರನ್ನು ಸುತ್ತಮುತ್ತ ಹುಡುಕುತ್ತಿದ್ದರು.

ನಾನು ಬೇಡ ಅನ್ನೋಣ ಅಂತಿದ್ದೆ. ಆದರೆ ಫೋನ್ ಸ್ಪೀಕರ್‌ನಲ್ಲಿತ್ತು. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದ ಅಮ್ಮನ ಕೈ ನಿಂತುಹೋಗಿತ್ತು. "ಯಾವ ಸೀರಿಯಲ್ ಅಂತ ಕೇಳು" ಅಂದಳು. ಹೇಳಿದೆ. ಅಮ್ಮ ಒಂದು ದಿನವೂ ಬಿಡದೆ ನೋಡುವ ಸೀರಿಯಲ್ ಅದು.

"ಹೆಂಗೂ ಗಣಪನಿಗೆ ಪತ್ರಿಕೆ ಇಡಕ್ಕೆ ಹೋಗ್ಬೇಕಲ್ಲ, ಎರಡೂ ಆಗುತ್ತೆ" ಅಂದಳು ಅಮ್ಮ.

ಪತ್ರಿಕೆ ಅಂದರೆ ನನ್ನ ಮದುವೆಯ ಲಗ್ನಪತ್ರಿಕೆ. ಧನುರ್ಮಾಸ ಕಳೆದು ಸಂಕ್ರಾಂತಿ ಆದಮೇಲೆ ನೆಂಟರಿಷ್ಟರಿಗೆ ಹಂಚುವುದು, ಗಣಪನಿಗೆ ಮಾತ್ರ ಮೊದಲೇ ಕೊಟ್ಟು ಬರುವುದು ಅಂತ ಅಮ್ಮ ತೀರ್ಮಾನಿಸಿದ್ದಳು. ನಮ್ಮ ಕಡೆ ಏನೇ ಶುರುಮಾಡಿದರೂ ಮೊದಲು ಕುರುಡುಮಲೆ. ಹೊಸ ಟ್ರ್ಯಾಕ್ಟರ್ ತಂದರೂ ಅಲ್ಲಿಗೆ, ಬೋರ್‌ವೆಲ್ ಕೊರೆಸುವ ಮುಂಚೆಯೂ ಅಲ್ಲಿಗೆ. ಚುನಾವಣೆ ಬಂದರೆ ರಾಜಕೀಯದವರೂ ಅಲ್ಲಿಗೇ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಪಾಂಚಜನ್ಯ ಯಾತ್ರೆ ಹೊರಟಿದ್ದು ಈ ಗಣಪನ ಮುಂದಿನಿಂದಲೇ. ಆಮೇಲೆ ಅವರು ಮುಖ್ಯಮಂತ್ರಿಯಾದರು. ಅಲ್ಲಿಂದೀಚೆಗೆ ಕುರುಡುಮಲೆಯಿಂದ ಪ್ರಚಾರ ಶುರುಮಾಡಿದರೆ ಗೆಲುವು ಖಾತ್ರಿ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಯಿತು.

ಬೆಳಗ್ಗೆ ಆರೂವರೆಗೆ ಸ್ಕೂಟರ್ ಹತ್ತಿದೆವು. ಬೆಂಗಳೂರಿನಿಂದ ಬರುವವರಿಗೆ ದಾರಿ ಸುಲಭ. ಕೋಲಾರ ದಾಟಿ ತಿರುಪತಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ಬಂದರೆ ಮುಳಬಾಗಿಲು. ಅಲ್ಲಿ ದಪ್ಪನೆಯ ಮುಳಬಾಗಿಲು ದೋಸೆ ತಿಂದು ಒಳದಾರಿ ಹಿಡಿದರೆ ಇನ್ನೊಂದು 10 ಕಿ.ಮೀ.ಗೆ ಕುರುಡುಮಲೆ. ದಾರಿಯುದ್ದಕ್ಕೂ ಬಂಡೆಯ ಬೆಟ್ಟಗಳು, ಕೋಲು ನೆಟ್ಟು ಕಟ್ಟಿದ ಟೊಮ್ಯಾಟೊ ತೋಟ, ನಡುವೆ ಮಾವು. ಜನವರಿಯ ಮಂಜು ಇನ್ನೂ ಇಳಿದಿರಲಿಲ್ಲ. ಹಿಂದೆ ಕೂತ ಅಮ್ಮ ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಳು. ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ.

ದೇವಸ್ಥಾನದಿಂದ ಸ್ವಲ್ಪ ದೂರದ ಬಯಲಲ್ಲಿ ಶಾಮಿಯಾನ ಹಾಕಿದ್ದರು. ಜನರೇಟರ್ ವ್ಯಾನು, ಲೈಟಿನ ಟೆಂಪೊ, ಬಾಳೆಕಂಬ ಕಟ್ಟಿದ ಮಂಟಪ. ಧನುರ್ಮಾಸದಲ್ಲಿ ಯಾರೂ ಮದುವೆ ಮಾಡಲ್ಲ, ಆದರೆ ಸೀರಿಯಲ್‌ಗೆ ಪಂಚಾಂಗ ಇಲ್ಲ. ಅದೇ ಅವರಿಗೆ ಅನುಕೂಲವೂ ಆಗಿತ್ತು. ಶಾಮಿಯಾನ ಖಾಲಿ, ವಾಲಗದವರು ಖಾಲಿ, ಪುರೋಹಿತರೂ ಖಾಲಿ. ಮಂಟಪದಲ್ಲಿ ಕೂತಿದ್ದವರು ನಿಜವಾದ ಪುರೋಹಿತರೇ. "ಈ ತಿಂಗಳು ನಮಗೂ ಕೆಲಸ ಇರಲ್ಲ ನೋಡಿ" ಅಂತ ನಕ್ಕರು. ಮಂತ್ರವನ್ನು ಪೂರ್ತಿ ಹೇಳುವುದಿಲ್ಲ, ಮೂರನೇ ಗಂಟು ಹಾಕಿಸುವುದಿಲ್ಲ ಅನ್ನುವ ಷರತ್ತಿನ ಮೇಲೆ ಒಪ್ಪಿಕೊಂಡಿದ್ದರಂತೆ.

ತಿಂಡಿಗೆ ಇಡ್ಲಿ, ವಡೆ, ಖಾರಾಬಾತ್. ತಿಂದು ಮುಗಿಸುವಷ್ಟರಲ್ಲಿ ಕಾಸ್ಟ್ಯೂಮ್ ಹುಡುಗ ಎಲ್ಲರ ಬಟ್ಟೆ ನೋಡುತ್ತಾ ಬಂದ. ಬಿಳಿ ಬೇಡ, ಲೈಟು ಬಿದ್ದರೆ ಹೊಡೆಯುತ್ತೆ. ಸಣ್ಣ ಗೀಟಿನದು ಬೇಡ, ಪರದೆ ಮೇಲೆ ಗೀಟುಗಳು ಅಲೆ ಅಲೆಯಾಗಿ ಕುಣಿಯುತ್ತವೆ. (ಕ್ಯಾಮೆರಾದ ಪಿಕ್ಸೆಲ್‌ಗಳ ಸಾಲಿಗೂ ಬಟ್ಟೆಯ ಗೀಟಿನ ಸಾಲಿಗೂ ಹೊಂದಾಣಿಕೆಯಾಗದೆ ಹಾಗಾಗುತ್ತೆ. ಕಾಲೇಜಿನಲ್ಲಿ ಓದಿದ್ದು ಹತ್ತು ವರ್ಷಕ್ಕೆ ಒಂದು ಸಲ ಉಪಯೋಗಕ್ಕೆ ಬಂತು.) ಹೀರೋಯಿನ್ ಉಟ್ಟ ಹಸಿರು ಬಣ್ಣ ಇನ್ನಾರೂ ಉಡುವ ಹಾಗಿಲ್ಲ. ನನ್ನ ಹಳದಿ ಚೂಡಿದಾರ್ ಪಾಸಾಯಿತು. ಅಮ್ಮನ ಬೂದುಬಣ್ಣದ ಕಾಟನ್ ಸೀರೆ ನೋಡಿ, "ಆಂಟಿ, ಇದು ಮದುವೆ ಮನೆ. ತುಂಬಾ ಡಲ್ ಆಯ್ತು" ಅಂದ. ಟ್ರಂಕಿನಿಂದ ಮರೂನ್ ಬಣ್ಣದ ಜರಿ ಸೀರೆ ತೆಗೆದುಕೊಟ್ಟ. ಅಮ್ಮ ಹುಡುಗಿಯಂತೆ ನಾಚಿಕೊಂಡು ಟೆಂಟಿನೊಳಗೆ ಹೋದಳು.

ಉಟ್ಟು ಬಂದಾಗ ಒಬ್ಬ ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ದೊಡ್ಡ ಕೆಂಪು ಸ್ಟಿಕ್ಕರ್ ಬೊಟ್ಟು, ಪ್ಲಾಸ್ಟಿಕ್ ಮಲ್ಲಿಗೆ ದಂಡೆ, ಒಂದಷ್ಟು ನಿಜವಾದ ಕನಕಾಂಬರ. "ಆಂಟಿಯರೆಲ್ಲ ಹೂ ಮುಡ್ಕೊಳ್ಳಿ, ಬೊಟ್ಟು ಇಟ್ಕೊಳ್ಳಿ. ಬೇಗ ಬೇಗ."

ಅಮ್ಮ ಮುಂದೆ ಚಾಚಿದ್ದ ಕೈ ಹಾಗೇ ನಿಂತಿತು.

ಅಪ್ಪ ಹೋಗಿ ಆರು ವರ್ಷ. ಹೂ ಮುಡಿಯಬೇಡ ಅಂತ ಅಮ್ಮನಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮದು ಅಂಥ ಮನೆಯೂ ಅಲ್ಲ ಅಂತ ನಾನು ಅಂದುಕೊಂಡಿದ್ದೆ. ಹದಿಮೂರನೆಯ ದಿನ ಕಳೆದಮೇಲೆ ಅವಳೇ ಬಿಟ್ಟಳು, ನಾವು ಯಾರೂ ಕೇಳಲಿಲ್ಲ. ಹಣೆಗೆ ಸಾಸಿವೆ ಕಾಳಿನಷ್ಟು ಕಪ್ಪು ಬೊಟ್ಟು ಮಾತ್ರ ಉಳಿಯಿತು. ಮದುವೆಗಳಿಗೆ ಹೋದರೆ ಊಟದ ಹಾಲ್ ಹತ್ತಿರದ ಕುರ್ಚಿ ಹಿಡಿಯುತ್ತಾಳೆ. ಮುಹೂರ್ತದ ಹೊತ್ತಿಗೆ ಯಾರದೋ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಾಳೆ. ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಕ್ಷತೆಯ ಬಟ್ಟಲು ಅಮ್ಮನವರೆಗೆ ಬಂದು, ಒಂದು ಕ್ಷಣ ತಡೆದು, ಪಕ್ಕಕ್ಕೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಫೋನಿನಲ್ಲಿ ಫೋಟೊ ತೆಗೆಯುತ್ತಾ ಇದ್ದೆ.

ಇವತ್ತು ಮಾತ್ರ ನನಗೆ ಎಲ್ಲಿಲ್ಲದ ಅವಸರ. "ಅವರಿಗೆ ಬೇಡ" ಅಂದುಬಿಟ್ಟೆ. ಅಮ್ಮನನ್ನು ಕೇಳಲೂ ಇಲ್ಲ.

ತಟ್ಟೆಯ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಅಮ್ಮ ನನ್ನನ್ನು ನೋಡಿದಳು. ಆ ನೋಟ ನನಗೆ ಇಷ್ಟವಾಗಲಿಲ್ಲ. ಅದರಲ್ಲಿ ಸಮಾಧಾನ ಇರಲಿಲ್ಲ.

ಬೆಂಗಳೂರಿನಿಂದ ಬಂದ ಜೂನಿಯರ್ ಆರ್ಟಿಸ್ಟ್‌ಗಳಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಅರವತ್ತರ ಹತ್ತಿರದ ವಯಸ್ಸು, ಕೈತುಂಬ ಬಳೆ, ತಲೆತುಂಬ ಹೂ. ಅವರು ನಮ್ಮನ್ನು ನೋಡುತ್ತಲೇ ಇದ್ದರು ಅಂತ ಕಾಣುತ್ತೆ. ಹತ್ತಿರ ಬಂದು ತಟ್ಟೆಯಿಂದ ಕನಕಾಂಬರ ಎತ್ತಿಕೊಂಡರು.

"ನಮ್ಮ ಯಜಮಾನ್ರು ಹೋಗಿ ಹದಿನೆಂಟು ವರ್ಷ ಆಯ್ತಮ್ಮಾ" ಅಂದರು. "ವಾರಕ್ಕೆ ಎರಡು ಮದುವೆಗೆ ಹೂ ಮುಡೀತೀನಿ. ನಮ್ಮ ಹೊಟ್ಟೆಪಾಡು. ಯಾವ ದೇವ್ರೂ ಬಂದು ಕೇಳಿಲ್ಲ. ತಿರುಗು ಇತ್ಲಾಗೆ."

ಅಮ್ಮ ತಿರುಗಿದಳು. ಅಷ್ಟೇ. ಅವರು ಅಮ್ಮನ ಜಡೆಗೆ ಹೂ ಮುಡಿಸಿ, ಪಿನ್ನು ಸಿಕ್ಕಿಸಿ, ಕೆಂಪು ಬೊಟ್ಟು ಇಟ್ಟು, "ಈಗ ಹೆಣ್ಣಿನ ಕಡೆಯವರ ಥರ ಇದೀಯ" ಅಂತ ಬೆನ್ನು ತಟ್ಟಿದರು. ಅಮ್ಮ ಟೆಂಪೊ ಕನ್ನಡಿಯ ಮುಂದೆ ಒಂದು ಸಲ ಬಗ್ಗಿ ನೋಡಿಕೊಂಡಳು. ನಾನು ಏನೂ ಮಾತಾಡಲಿಲ್ಲ.

ಶಾಟ್ ಶುರುವಾದದ್ದು ಹತ್ತು ಗಂಟೆಗೆ. ಅಸೋಸಿಯೇಟ್ ಡೈರೆಕ್ಟರ್ ಮೈಕ್ ಹಿಡಿದು ನಮ್ಮನ್ನೆಲ್ಲ ನಿಲ್ಲಿಸುತ್ತಾ ಬಂದರು. ಯಾರು ಎತ್ತರ, ಯಾರು ಗಿಡ್ಡ, ಯಾವ ಸೀರೆ ಪಕ್ಕ ಯಾವ ಸೀರೆ ಬೇಡ, ಇಷ್ಟೇ ಅವರ ಲೆಕ್ಕ. ಅಮ್ಮನನ್ನು ನೋಡಿ, "ಮರೂನ್ ಸೀರೆ ಆಂಟಿ, ನೀವು ಮುಂದೆ ಬನ್ನಿ. ಹೆಣ್ಣಿನ ಸೋದರತ್ತೆ ನೀವು. ತಾಳಿ ಕಟ್ಟುವಾಗ ಅಕ್ಷತೆ ಹಾಕಿ, ಖುಷಿಯಾಗಿ" ಅಂದರು. ಆರು ವರ್ಷ ಊಟದ ಹಾಲ್ ಹತ್ತಿರ ಕೂತವಳು ನೇರ ಮಂಟಪದ ಮುಂದಿನ ಸಾಲಿಗೆ ಬಂದಳು. ನನ್ನನ್ನು ಐದನೇ ಸಾಲಿಗೆ ತಳ್ಳಿದರು.

ನಿಯಮ ಸರಳ. ಕ್ಯಾಮೆರಾ ನೋಡಬಾರದು. ಪಕ್ಕದವರ ಜೊತೆ ಮಾತಾಡುವ ಹಾಗೆ ತುಟಿ ಆಡಿಸಬೇಕು, ಸದ್ದು ಬರಬಾರದು. ನಟರ ಬಟ್ಟೆಯಲ್ಲಿ ಸಣ್ಣ ಮೈಕ್ ಇರುತ್ತೆ, ನಮ್ಮ ಗುಸುಗುಸು ಅದಕ್ಕೆ ಬೀಳುತ್ತೆ. ಒಂದು ಟೇಕಿನಲ್ಲಿ ಎಲ್ಲಿ ನಿಂತಿದ್ದೆವೋ ಮುಂದಿನ ಟೇಕಿನಲ್ಲೂ ಅಲ್ಲೇ, ಬ್ಯಾಗು ಯಾವ ಕೈಯಲ್ಲಿತ್ತೋ ಅದೇ ಕೈಯಲ್ಲಿ. ಇದಕ್ಕೆ ಕಂಟಿನ್ಯುಟಿ ಅನ್ನುತ್ತಾರೆ. ಅದನ್ನು ನೋಡಿಕೊಳ್ಳುವುದೇ ನನ್ನ ಗೆಳತಿಯ ಕೆಲಸ. ಫೋನಿನಲ್ಲಿ ಪ್ರತಿ ಶಾಟಿಗೂ ಫೋಟೊ ತೆಗೆದಿಟ್ಟುಕೊಳ್ಳುತ್ತಾಳೆ.

ಮೊದಲ ಟೇಕ್: ನನ್ನ ಮುಂದಿದ್ದ ಹುಡುಗ ಕ್ಯಾಮೆರಾ ನೋಡಿ ನಕ್ಕ. ಎರಡನೆಯದು: ತಾಳಿಗೆ ಕೈ ಹಾಕುವ ಮೊದಲೇ ಊರವರು ಅಕ್ಷತೆ ಹಾಕಿಬಿಟ್ಟರು. ಮೂರನೆಯದು: ದೇವಸ್ಥಾನದ ಗಂಟೆ. ನಾಲ್ಕನೆಯದು: ಅಕ್ಕಿಕಾಳು ಮದುಮಗಳ ಕಣ್ಣಿಗೆ. ಐದನೆಯದು: ಸೂರ್ಯನಿಗೆ ಮೋಡ. ಆರನೆಯದು: ಎಲ್ಲಾ ಸರಿಯಿತ್ತು, ಒಂದು ನಾಯಿ ಮಂಟಪದ ಮುಂದೆ ಬಂದು ಮೈಮುರಿಯಿತು. ಪ್ರತಿ ಸಲವೂ ಪ್ರೊಡಕ್ಷನ್ ಹುಡುಗ ಪೊರಕೆ ತಂದು ಅಕ್ಷತೆ ಗುಡಿಸಿ, ತುಂಬಿ, ಮತ್ತೆ ನಮ್ಮ ಕೈಗೆ ಕೊಡುತ್ತಿದ್ದ.

"ಬಿದ್ದಿದ್ದನ್ನ ಮತ್ತೆ ಹಾಕಬಾರದಪ್ಪಾ" ಅಂದಳು ಅಮ್ಮ.

"ಸುಳ್ಳು ಮದುವೆ ಅಲ್ವಾ ಆಂಟಿ, ಪರವಾಗಿಲ್ಲ" ಅಂದ ಅವನು.

"ಸುಳ್ಳು ಮದುವೆಗಾದ್ರೂ ಒಳ್ಳೆ ಅಕ್ಕಿ ತಗೊಂಬಾ. ನೋಡಕ್ಕೆ ಒಳ್ಳೆ ಹುಡುಗಿ ಅದು."

ಅವನು ನಗುತ್ತಾ ಹೋಗಿ ಹೊಸ ಅಕ್ಕಿಗೆ ಅರಿಶಿನ ಕಲಸಿ ತಂದ. ಏಳನೇ ಟೇಕ್ ಓಕೆ ಆಯಿತು. ನಾನು ಐದನೇ ಸಾಲಿನಿಂದ ಏಳೂ ಸಲ ಅಮ್ಮನ ಬೆನ್ನನ್ನು ನೋಡಿದೆ. ಮೊದಲ ಸಲ ಅವಳ ಕೈ ಎದೆಯ ಎತ್ತರಕ್ಕೂ ಬರಲಿಲ್ಲ, ಅಕ್ಷತೆ ಮುಂದೆ ನಿಂತವರ ಕಾಲ ಬಳಿ ಬಿತ್ತು. ನಾಲ್ಕನೆಯದರ ಹೊತ್ತಿಗೆ ತೋಳು ಎತ್ತಿ ಹಾಕುತ್ತಿದ್ದಳು. ಏಳನೆಯದರಲ್ಲಿ ತುದಿಗಾಲಲ್ಲಿ ನಿಂತಿದ್ದಳು.

ಮಧ್ಯಾಹ್ನ ಊಟಕ್ಕೆ ಬಿಟ್ಟರು. ಹುಳಿಯನ್ನ, ಅವರೆಕಾಳು ಸಾರು. ಊಟ ಮುಗಿಸಿ ಅಮ್ಮ, ನಾನು, ಹೂ ಮುಡಿಸಿದ ಆಂಟಿ ಮೂವರೂ ಸೋಮೇಶ್ವರ ದೇವಸ್ಥಾನದ ಕಡೆ ನಡೆದೆವು. ಕುರುಡುಮಲೆಗೆ ಬರುವವರೆಲ್ಲ ಗಣಪನನ್ನು ನೋಡಿ ಹಾಗೇ ಗಾಡಿ ಹತ್ತುತ್ತಾರೆ. ಹತ್ತಿರದಲ್ಲೇ ಇರುವ ಸೋಮೇಶ್ವರನ ಹತ್ತಿರ ಜನ ಕಡಿಮೆ. ಕಲ್ಲಿನ ಕೆಲಸ ನೋಡಬೇಕು ಅಂದರೆ ಇಲ್ಲಿಗೇ ಬರಬೇಕು. ಒಂದು ಭಾಗವನ್ನು ಜಕಣಾಚಾರಿ ಕೆತ್ತಿದ, ಇನ್ನೊಂದನ್ನು ಮಗ ಡಂಕಣಾಚಾರಿ ಕೆತ್ತಿದ ಅಂತ ಊರವರು ಹೇಳುತ್ತಾರೆ. ಬೇಲೂರಿನಲ್ಲಿ ಹೇಳುವ ಅದೇ ಅಪ್ಪ ಮಗನ ಕತೆ ಇಲ್ಲಿ ಎರಡು ಗೋಡೆಗಳಾಗಿ ನಿಂತಿದೆ. ಅಮ್ಮ ಗೋಡೆಯ ಮೇಲೆ ಕೈಯಾಡಿಸುತ್ತಾ, "ನಿಮ್ಮಪ್ಪ ಇಲ್ಲಿ ಕರ್ಕೊಂಡು ಬಂದಾಗ ಇದೇ ಕತೆ ಹೇಳಿದ್ರು" ಅಂದಳು. ಮದುವೆಯಾದ ಹೊಸದರಲ್ಲಿ ಅಂತೆ. ನನಗೆ ಗೊತ್ತೇ ಇರಲಿಲ್ಲ.

ನೆರಳಿನಲ್ಲಿ ಕೂತು ಆಂಟಿ ತಮ್ಮ ಕೆಲಸದ ಬಗ್ಗೆ ಹೇಳಿದರು. ಏಜೆಂಟ್ ರಾತ್ರಿ ಫೋನ್ ಮಾಡುತ್ತಾನೆ: ನಾಳೆ ಎಲ್ಲಿ, ಎಷ್ಟು ಗಂಟೆಗೆ, ಎಂಥ ಸೀರೆ. ದಿನಗೂಲಿಯಲ್ಲಿ ಅವನ ಪಾಲು ಹೋಗಿ ಉಳಿದದ್ದು ಇವರಿಗೆ. ಕೋರ್ಟಿನಲ್ಲಿ ಕೂತಿದ್ದಾರೆ, ಆಸ್ಪತ್ರೆಯಲ್ಲಿ ಮಲಗಿದ್ದಾರೆ, ರೇಷನ್ ಅಂಗಡಿ ಕ್ಯೂನಲ್ಲಿ ಜಗಳವಾಡಿದ್ದಾರೆ. "ಒಂದೊಂದು ದಿನ ಬೆಳಗ್ಗೆ ಮದುವೆ, ಸಂಜೆ ಸಾವಿನ ಮನೆ. ಹೂ ತೆಗೆದು ಕೂದಲು ಬಿಚ್ಕೊಂಡು ಅಳೋದು. ಎರಡಕ್ಕೂ ಒಂದೇ ಸಂಬಳ" ಅಂತ ನಕ್ಕರು.

ಅಮ್ಮ ಮೆಲ್ಲಗೆ ಕೇಳಿದಳು: "ನಿಮ್ಮ ಬೀದೀಲಿ ಏನೂ ಅನ್ನಲ್ವಾ ಅಕ್ಕಾ?"

"ಮೊದಲು ಅಂತಿದ್ರು. ಬಸ್ಸಿಳಿದು ಹೂ ಬಿಸಾಕಿ ಮನೆಗೆ ಹೋಗ್ತಿದ್ದೆ. ಆಮೇಲೆ ಸುಸ್ತಾಯ್ತು, ಹಂಗೇ ಹೋಗಕ್ಕೆ ಶುರು ಮಾಡ್ದೆ. ಸೆಟ್ಟಲ್ಲಿ ಯಾರೂ ಯಾರನ್ನೂ ನೋಡಲ್ಲ ಕಣಮ್ಮಾ. ಎಲ್ರೂ ಕ್ಯಾಮೆರಾ ಕಡೆ ಗಮನ, ಕ್ಯಾಮೆರಾಗೆ ಹೀರೋಯಿನ್ ಕಡೆ ಗಮನ. ನಮ್ಮ ಹಣೇಲಿ ಏನಿದೆ, ತಲೇಲಿ ಏನಿದೆ, ಯಾರಿಗೆ ಬೇಕು? ಅಲ್ಲಿ ಅಭ್ಯಾಸ ಆದ್ಮೇಲೆ ಬೀದೀಲೂ ಭಯ ಹೋಯ್ತು."

ಹಿಂದೆ ನಿಲ್ಲುವವರ ಬಗ್ಗೆ ನಾನು ಯಾವತ್ತೂ ಯೋಚಿಸಿರಲಿಲ್ಲ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಗೆ ಹೋಗಿ 'ಮಾಲ್ಗುಡಿ ಡೇಸ್' ತೆಗೆದಾಗ ಆ ಊರ ಜನರೇ ಮಾಲ್ಗುಡಿಯ ಜನರಾದರು. ಈಗಲೂ ಆಗುಂಬೆಗೆ ಹೋದವರು ಆ ದೊಡ್ಡಮನೆ ಹುಡುಕಿಕೊಂಡು ಹೋಗುತ್ತಾರೆ. 'ಗಾಂಧಿ' ಸಿನಿಮಾದ ಅಂತ್ಯಯಾತ್ರೆಯ ದೃಶ್ಯವನ್ನು 1981ರ ಜನವರಿ 31ರಂದು ದೆಹಲಿಯಲ್ಲಿ ಚಿತ್ರೀಕರಿಸಿದಾಗ ಸುಮಾರು 3 ಲಕ್ಷ ಜನ ಸೇರಿದ್ದರು. ಸಿನಿಮಾದ ಇತಿಹಾಸದಲ್ಲೇ ಅಷ್ಟು ಜನ ಸೇರಿದ ದೃಶ್ಯ ಇನ್ನೊಂದಿಲ್ಲ ಅನ್ನುತ್ತಾರೆ. ಅಷ್ಟೂ ಜನಕ್ಕೆ ಒಂದೊಂದು ಮನೆ, ಒಂದೊಂದು ಕತೆ ಇದ್ದಿರಬೇಕು. ಅಮ್ಮ 1998ರಲ್ಲಿ ಚಂದನದಲ್ಲಿ 'ಮಾಯಾಮೃಗ' ಬರುತ್ತಿದ್ದಾಗಿನಿಂದ ಸೀರಿಯಲ್ ನೋಡುತ್ತಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ನಾವು ನೋಡಿದ ನೂರಾರು ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ನಕ್ಕವರಲ್ಲಿ ಎಷ್ಟು ಜನ ಈ ಆಂಟಿಯಂಥವರೋ.

ಮಧ್ಯಾಹ್ನದ ಮೇಲೆ ನನ್ನ ಸರದಿ. ಹೀರೋಯಿನ್ ಮತ್ತು ಅವಳ ಗಂಡ ಜಗಳವಾಡುವಾಗ ಹಿಂದಿನಿಂದ ಪಾನಕದ ತಟ್ಟೆ ಹಿಡಿದು ಹಾದುಹೋಗಬೇಕು. ಇದಕ್ಕೆ 'ಪಾಸಿಂಗ್' ಅನ್ನುತ್ತಾರೆ. ಎಡದಿಂದ ಬಲಕ್ಕೆ ಒಂಬತ್ತು ಸಲ ಹೋದೆ. ಅದರ ಪಾನಕವನ್ನು ಯಾರೂ ಕುಡಿಯಲಿಲ್ಲ, ಕೊನೆಗೆ ನೊಣಗಳು ಕುಡಿದವು. ಹೀರೋಯಿನ್ ಒಂದು ಟೇಕಿಗೂ ತಪ್ಪದೆ ಅತ್ತಳು. ಕಟ್ ಅಂದ ತಕ್ಷಣ ಕಣ್ಣೊರೆಸಿಕೊಂಡು ಮನೆಗೆ ಫೋನ್ ಮಾಡಿ, ಮಗುವಿನ ಜ್ವರ ಇಳಿಯಿತಾ ಅಂತ ವಿಚಾರಿಸಿದಳು. ಒಂದು ದಿನಕ್ಕೆ ಹೆಚ್ಚು ಕಡಿಮೆ ಒಂದು ಎಪಿಸೋಡಿಗಾಗುವಷ್ಟು ಮುಗಿಸಲೇಬೇಕು, ಜ್ವರ ಅಂತ ರಜೆ ಹಾಕಿದರೆ ಮುಂದಿನ ವಾರ ತೋರಿಸಲು ಏನೂ ಇರುವುದಿಲ್ಲ ಅಂದಳು ಗೆಳತಿ. ನಮ್ಮ ಆಫೀಸಿನ ಡೆಡ್‌ಲೈನ್‌ಗಳ ಬಗ್ಗೆ ಗೊಣಗುವುದನ್ನು ಅವಳ ಮುಂದೆ ನಿಲ್ಲಿಸಿದೆ.

ಐದೂವರೆಗೆ ಬೆಳಕು ಹೋಯಿತು, ಪ್ಯಾಕಪ್ ಅಂದರು. ಸೀರೆ ವಾಪಸ್ ಕೊಟ್ಟು, ವೋಚರ್‌ಗೆ ಸಹಿ ಹಾಕಿ, ಒಬ್ಬೊಬ್ಬರು ಐನೂರು ರೂಪಾಯಿ ತೆಗೆದುಕೊಂಡೆವು. ಅಮ್ಮ ಆ ನೋಟನ್ನು ಮಡಚಿ ಲಗ್ನಪತ್ರಿಕೆಯ ಕವರಿನೊಳಗೆ ಇಟ್ಟಳು. ಪ್ಲಾಸ್ಟಿಕ್ ಮಲ್ಲಿಗೆಯನ್ನೆಲ್ಲ ಡಬ್ಬಕ್ಕೆ ತುಂಬಿಕೊಂಡರು. ಕನಕಾಂಬರ ಯಾರಿಗೂ ಬೇಕಿರಲಿಲ್ಲ.

ಬೂದುಬಣ್ಣದ ಸೀರೆ, ತಲೆಯಲ್ಲಿ ಬಾಡಲು ಶುರುವಾದ ಕನಕಾಂಬರ. ಹಾಗೇ ಗಣಪನ ದೇವಸ್ಥಾನದ ಮೆಟ್ಟಿಲ ಹತ್ತಿರ ಬಂದಳು ಅಮ್ಮ. ಅಲ್ಲಿ ನಿಂತು ಕೈಯನ್ನು ಜಡೆಯ ಹತ್ತಿರ ಒಯ್ದಳು. ನಾನು ಈ ಸಲ ಬಾಯಿ ಮುಚ್ಚಿಕೊಂಡಿದ್ದೆ. ಪಿನ್ನು ಮುಟ್ಟಿ ನೋಡಿ, ಹೂ ಸರಿಮಾಡಿಕೊಂಡು ಒಳಗೆ ನಡೆದಳು.

ಒಳಗೆ ಹೋದರೆ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ಗಣಪ. ಬ್ರಹ್ಮ, ವಿಷ್ಣು, ಮಹೇಶ್ವರ ಮೂವರೂ ತ್ರಿಪುರಾಸುರನನ್ನು ಗೆಲ್ಲಲು ಹೊರಡುವ ಮುಂಚೆ ಇವನನ್ನು ಪ್ರತಿಷ್ಠೆ ಮಾಡಿದರಂತೆ. ದೇವತೆಗಳು ಕೂಡಿದ ಮಲೆ 'ಕೂಡುಮಲೆ' ಆಯಿತು, ಜನರ ಬಾಯಲ್ಲಿ ಕುರುಡುಮಲೆ ಆಯಿತು ಅನ್ನುವುದು ಸ್ಥಳಪುರಾಣ. ಚಿಕ್ಕವಳಿದ್ದಾಗ ಪ್ರತಿ ಪರೀಕ್ಷೆಗೂ ಮುಂಚೆ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಎದುರು ನಿಂತರೆ ನಾವು ಎಷ್ಟು ಸಣ್ಣವರು ಅನ್ನಿಸುತ್ತೆ. ಆ ದೊಡ್ಡ ಮೈಯ ಮುಂದೆ ಯಾರ ತಲೆಯಲ್ಲಿ ಹೂವಿದೆ, ಯಾರ ತಲೆಯಲ್ಲಿಲ್ಲ ಅನ್ನುವುದು ಲೆಕ್ಕಕ್ಕೆ ಬರುವ ವಿಷಯವೇ ಅಂತ ನನಗೆ ಅವತ್ತು ಅನ್ನಿಸಿತು.

ಅರ್ಚಕರು ಪತ್ರಿಕೆ ತೆಗೆದುಕೊಂಡು, ಹೆಸರು ಗೋತ್ರ ಕೇಳಿ, "ಧಾರೆ ಎರೆದು ಕೊಡೋರು ಯಾರಮ್ಮಾ?" ಅಂದರು. ಬರೀ ಮಾತಿಗೆ ಕೇಳಿದ್ದು.

ಅದು ಮನೆಯಲ್ಲಿ ಎರಡು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ದೊಡ್ಡಪ್ಪ, ದೊಡ್ಡಮ್ಮ ಕೂರುತ್ತಾರೆ, ಅಮ್ಮ ಒಳಗಿನ ಕೆಲಸ ನೋಡಿಕೊಳ್ಳುತ್ತಾಳೆ ಅಂತ ದೊಡ್ಡಪ್ಪ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದರು. ಎಲ್ಲರೂ ಕೈಮುಗಿಯುವ ಎಮೋಜಿ ಹಾಕಿದರು. ಆ ಹೊತ್ತಿಗೆ ನಾನು ಮೀಟಿಂಗಿನಲ್ಲಿದ್ದೆ. 'ಸರಿ ದೊಡ್ಡಪ್ಪ' ಅಂತ ಟೈಪ್ ಮಾಡಿ ಮತ್ತೆ ಸ್ಕ್ರೀನಿಗೆ ತಿರುಗಿದ್ದೆ. ಅಮ್ಮ ಆ ಮೆಸೇಜಿಗೆ ಏನೂ ಉತ್ತರ ಕೊಟ್ಟಿರಲಿಲ್ಲ. ನಾನು ಅದನ್ನು ಒಪ್ಪಿಗೆ ಅಂದುಕೊಂಡಿದ್ದೆ.

ಅಮ್ಮ ಅರ್ಚಕರಿಗೂ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು. ಬೆಳಗ್ಗೆ ಹೂವಿನ ತಟ್ಟೆಯ ಮುಂದೆ ನೋಡಿದ ಅದೇ ನೋಟ.

"ನಮ್ಮಮ್ಮ" ಅಂದೆ ನಾನು.

ಅರ್ಚಕರು "ಸರಿ" ಅಂತ ಪತ್ರಿಕೆಯನ್ನು ಗಣಪನ ಪಾದದ ಹತ್ತಿರ ಇಟ್ಟು ಮಂಗಳಾರತಿ ಮಾಡಿದರು. ಅವರಿಗೆ ಹತ್ತಾರು ಪತ್ರಿಕೆಗಳಲ್ಲಿ ಇದೊಂದು.

ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ. ಊರು ಹತ್ತಿರವಾಗುತ್ತಿದ್ದ ಹಾಗೆ ಅಮ್ಮ ಹಿಂದಿನಿಂದ ನನ್ನ ಭುಜ ತಟ್ಟಿ, "ಒಂದು ನಿಮಿಷ ನಿಲ್ಸು" ಅಂದಳು. ಹೂ ತೆಗೆಯುತ್ತಾಳೆ ಅಂದುಕೊಂಡೆ. ಸೆರಗು ತಲೆಯ ಮೇಲೆ ಹೊದ್ದುಕೊಂಡು, "ಹೋಗು ಈಗ, ಚಳಿ" ಅಂದಳು. ಚಳಿ ಇತ್ತು, ನಿಜ. ಬೀದಿಯ ಕೊನೆಯ ಮನೆಯವರು ಹೊರಗೆ ಕೂತಿದ್ದರು, ಅದೂ ನಿಜ. ನಾನು ಕೇಳಲಿಲ್ಲ.

ರಾತ್ರಿ ಊಟವಾದ ಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಮೆಸೇಜ್ ಹಾಕುವ ವಿಷಯ ಅಲ್ಲ ಇದು ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ದೊಡ್ಡಪ್ಪ ಕೆಟ್ಟವರಲ್ಲ. ನನ್ನ ಕಾಲೇಜಿನ ಫೀಸಿಗೆ ಎರಡು ಸಲ ದುಡ್ಡು ಹೊಂದಿಸಿದವರು. ತುಂಬ ಹೊತ್ತು ಸುಮ್ಮನಿದ್ದು, "ಹಿರಿಯರನ್ನ ಒಂದು ಮಾತು ಕೇಳ್ಬೇಕಮ್ಮಾ" ಅಂದರು. "ಕೇಳಿ ದೊಡ್ಡಪ್ಪ. ಅಮ್ಮನ್ನೂ ಕೇಳಿ" ಅಂದೆ. ನಾನು ಕೂಡ ಅಮ್ಮನನ್ನು ಕೇಳಿದ್ದು ಆ ಫೋನ್ ಇಟ್ಟ ಮೇಲೇ. "ನೀವು ನಿಂತ್ಕೋತೀರಾ ಅಮ್ಮಾ?" ಅಂದಾಗ ಅಮ್ಮ ಉಳಿದ ಅವರೆಕಾಳು ಬಿಡಿಸುತ್ತಾ, "ಏಳು ಸಲ ಪ್ರಾಕ್ಟೀಸ್ ಆಗಿದೆಯಲ್ಲ" ಅಂದಳು.

ಎಪಿಸೋಡ್ ಬಂದದ್ದು ಮೂರು ವಾರದ ನಂತರ. ನಾನು ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ, ಅಮ್ಮ ಮುಳಬಾಗಿಲಿನ ಟಿ.ವಿ. ಮುಂದೆ. ನನ್ನ ಒಂಬತ್ತು ಪಾಸಿಂಗ್‌ನಲ್ಲಿ ಉಳಿದದ್ದು ಒಂದು ಮೊಣಕೈ ಮತ್ತು ಪಾನಕದ ತಟ್ಟೆ. ಅಮ್ಮ ಮೂರು ಸೆಕೆಂಡ್ ಬಂದಳು. ಮರೂನ್ ಸೀರೆ, ಎತ್ತಿದ ಕೈ, ಕನಕಾಂಬರ. ಮುಖದಲ್ಲಿ ನಗು ಎಷ್ಟಿತ್ತು ಅಂದರೆ, ಮದುಮಗಳಿಗಿಂತ ಅವಳನ್ನೇ ನೋಡಬೇಕು ಅನ್ನಿಸುತ್ತಿತ್ತು. ಮಗಳಾದ್ದರಿಂದ ಹಾಗೆ ಅನ್ನಿಸಿರಬಹುದು.

ಜಾಹೀರಾತು ಬರುವಷ್ಟರಲ್ಲಿ ಅಮ್ಮನ ಇನ್ನೊಂದು ಫೋನು ಬಡಿದುಕೊಂಡಿತು. ದೊಡ್ಡಮ್ಮ. ಅಮ್ಮ ನನ್ನ ಕಾಲ್ ಕಟ್ ಮಾಡುವುದನ್ನು ಮರೆತು ಅದನ್ನೆತ್ತಿಕೊಂಡಳು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ಅಮ್ಮನದು ಮಾತ್ರ ಕೇಳಿಸಿತು.

"ಹೂಂ ಅಕ್ಕಾ, ನಾನೇ... ಹೌದು, ಮುಡ್ಕೊಂಡಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಚೆನ್ನಾಗಿ ಕಾಣ್ತಿತ್ತಾ?"

ಹಿರಿಯರ ತೀರ್ಮಾನ ಇನ್ನೂ ಬಂದಿಲ್ಲ. ಮದುವೆಗೆ ಇಪ್ಪತ್ತು ದಿನ ಇದೆ. ಅಮ್ಮ ಮೊನ್ನೆ ಬೆಂಗಳೂರಿಗೆ ಬಂದು ಧಾರೆಗೆ ಅಂತ ಸೀರೆ ತೆಗೆದುಕೊಂಡು ಹೋದಳು. ಅಂಗಡಿಯವನು ಹತ್ತಾರು ಬಣ್ಣ ಹರಡಿದ. ಅವಳು ಮರೂನ್ ತೆಗೆಸಿದಳು.